ಹಳೆಯ ಬೆತ್ತದ ಕುರ್ಚಿಯ ಪೆನ್ಸಿಲ್ ಚಿತ್ರವನ್ನು ನಾನು ನೋಡುವ ಕ್ರಮ

ಮುಂಬೈನ ಚೋರ್ ಬಜಾರಿನಲ್ಲಿ, ಅದರಲ್ಲೂ ಮಟನ್ ಸ್ಟ್ರೀಟಿನಲ್ಲಿ ಕೂತು ಹಳೆಯ ಪೀಠೋಪಕರಣ ಬರೆಯುವವರು ನಮ್ಮ ಮಾಟುಂಗದ ಬಳಗದಲ್ಲಿದ್ದಾರೆ. ಅಂಥ ಚಿತ್ರ ಕೈಗೆ ಬಂದರೆ ಕೆತ್ತನೆಯನ್ನು ನಾನು ನೋಡುವುದು ಕೊನೆಗೆ. ಕುರ್ಚಿಯೇ ನೆಲದ ಮೇಲೆ ನಿಲ್ಲದಿದ್ದರೆ ಕೆತ್ತನೆ ಕಟ್ಟಿಕೊಂಡು ಏನು ಮಾಡುವುದು?

ಓರೆಯಿಂದ ಬರೆದ ಆರಾಮಕುರ್ಚಿ ಎನ್ನಿ. ಮುಂಗಾಲು ಎರಡರ ಬುಡಕ್ಕೆ ಸ್ಕೇಲಿಟ್ಟು ಒಂದು ಗೆರೆ, ಹಿಂಗಾಲುಗಳ ಬುಡಕ್ಕೆ ಇನ್ನೊಂದು. ಮುಂದುವರಿಸಿದರೆ ಎರಡೂ ಬರೆದವರ ಕಣ್ಣಿನ ಮಟ್ಟದಲ್ಲಿ ಕೂಡಬೇಕು. ಮುಂಗಾಲಿನಿಂದ ಹಿಂಗಾಲಿಗೆ ಎಳೆದ ಬದಿಯ ಗೆರೆ ನಂಬಬೇಡಿ, ಎಷ್ಟೋ ಕುರ್ಚಿಗಳು ಹಿಂದಕ್ಕಿಂತ ಮುಂದೆ ಅಗಲ. ಲೇತಿನಲ್ಲಿ ಕಡೆದ ಕಾಲಾದರೆ ಅದರ ಬಳೆಗಳು ಕೆಳಗಿಳಿದಷ್ಟೂ ದುಂಡಗಾಗಬೇಕು. ಎಲ್ಲವೂ ಒಂದೇ ಚಪ್ಪಟೆಯಾಗಿದ್ದರೆ ಕಾಲು ಹಲಗೆಯ ಹಾಗೆ ಕಾಣುತ್ತದೆ.

ಕಲಾವಿದರ ತಾಳ್ಮೆ ತಿಳಿಯುವುದು ಬೆತ್ತದಲ್ಲಿ. ಉದ್ದಕ್ಕೆ ಜೋಡಿ ಎಳೆ, ಅಡ್ಡಕ್ಕೆ ಜೋಡಿ ಎಳೆ, ಆಮೇಲೆ ಎರಡು ಓರೆ ಎಳೆ. ನಡುವೆ ಎಂಟು ಮೂಲೆಯ ತೂತು. ಒಂದು ಓರೆ ಎಳೆ ಉದ್ದದ ಜೋಡಿಯ ಮೇಲೆ ಹಾದು ಅಡ್ಡದ ಜೋಡಿಯ ಕೆಳಗೆ ನುಸುಳಿದರೆ, ಇನ್ನೊಂದು ಅದಕ್ಕೆ ತಿರುಗುಮುರುಗು. ಇದು ಗೊತ್ತಿಲ್ಲದವರು ಬರೆದದ್ದು ತಂತಿಬಲೆಯಾಗುತ್ತದೆ. ಪ್ರತಿ ತೂತನ್ನೂ ಒಂದೇ ಒತ್ತಿನಲ್ಲಿ ಕಪ್ಪಾಗಿಸಿದರೂ ಆಸನ ತಗಡಿನಂತೆ ಗಟ್ಟಿಯಾಗಿಬಿಡುತ್ತದೆ. ಪಳಗಿದ ಕೈ ಬೆಳಕು ಬಿದ್ದ ಕಡೆ ಅಂಗೈಯಗಲ ಹೆಣಿಗೆಯನ್ನಷ್ಟೇ ಪೂರ್ತಿ ಬರೆದು, ಉಳಿದದ್ದನ್ನು ತೆಳು ಛಾಯೆಗೆ ಬಿಡುತ್ತದೆ. ಕೂತು ಕೂತು ಜೋತ ಬೆತ್ತದ ಸಾಲುಗಳು ನಡುವೆ ಬಾಗಿರಬೇಕು. ನೆಟ್ಟಗಿದ್ದರೆ ನನಗಂತೂ ಅನುಮಾನ.

ಆಮೇಲೆ ಕಣ್ಣು ಅರೆಮುಚ್ಚಿ ಛಾಯೆ ನೋಡುತ್ತೇನೆ. ಬೀಟೆಮರ ಕಪ್ಪೇ ಇರಲಿ, ಆಸನದ ಅಡಿಯ ನೆರಳು ಅದಕ್ಕಿಂತ ಕಪ್ಪಾಗಿರಬೇಕು. ಮರಕ್ಕೇ 6ಬಿ ಎಂಬ ಮೆತ್ತನೆಯ ಕಡುಕಪ್ಪು ಪೆನ್ಸಿಲ್ ಸುರಿದವರಿಗೆ ನೆರಳಿಗೆ ಏನೂ ಉಳಿಯುವುದಿಲ್ಲ. ಹಾಗೆ ಒತ್ತಿದ ಪೆನ್ಸಿಲ್ ಪುಡಿ ಹೊಳೆಯುತ್ತದೆ ಕೂಡ; ಕಾಗದ ಸ್ವಲ್ಪ ಓರೆ ಮಾಡಿದರೆ ಕಪ್ಪೆಲ್ಲ ಬೂದು.

ಸವಕಳಿ ಕುರ್ಚಿಯ ಕೈಗಳ ತುದಿಯಲ್ಲಿ ಸಿಗುತ್ತದೆ. ಅಂಗೈ ಉಜ್ಜಿದ ಅಂಚು ದುಂಡಾಗಿ, ಹೊಳಪು ಮೆತ್ತಗಾಗಿರಬೇಕು. ಅಲ್ಲಿ ಚೂಪು ಗೆರೆ ಎಳೆದವರು ಹಳೆಯ ಕುರ್ಚಿಯನ್ನು ಶೋರೂಮಿಗೆ ವಾಪಸ್ ಕಳಿಸಿದಂತೆ.

ಇನ್ನು ಕೆತ್ತನೆ. ಬೆಳಕು ಎಡದಿಂದಾದರೆ ಉಬ್ಬಿದ ಹೂವಿನ ನೆರಳು ಬಲಕ್ಕೆ, ತೋಡಿದ ಹೂವಿನ ನೆರಳು ಎಡ ಅಂಚಿನ ಒಳಗೆ. ಇದು ಅದಲು ಬದಲಾದರೆ ಉಬ್ಬು ತಗ್ಗಾಗಿ ಕಾಣುತ್ತದೆ.