ಕಿಟ್‌ನಿಂದ ಹೈ ಪವರ್ ರಾಕೆಟ್: ಅಂಟಿನ ಕೆಲಸಕ್ಕೆ ಅವಸರ ಬೇಡ

ಮಾದರಿ ರಾಕೆಟ್‌ನ ಮೋಟರ್‌ಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಗುರುತಿಸುತ್ತಾರೆ. ಒಂದೊಂದು ಅಕ್ಷರ ಮೇಲೆ ಹೋದಂತೆ ಶಕ್ತಿಯ ಮಿತಿ ಇಮ್ಮಡಿಯಾಗುತ್ತದೆ. ‘ಜಿ’ ದಾಟಿ ‘ಎಚ್’ಗೆ ಬಂದರೆ, ಅಂದರೆ 160 ನ್ಯೂಟನ್-ಸೆಕೆಂಡ್ (ನೂಕುಬಲವನ್ನು ಮೋಟರ್ ಉರಿಯುವ ಸಮಯದಿಂದ ಗುಣಿಸಿದ ಅಳತೆ) ಮೀರಿದರೆ, ಅದು ಹೈ ಪವರ್. ಒಂದೂವರೆ ಕಿಲೋ ತೂಕದ ರಾಕೆಟ್ ಇಂಥ ಮೋಟರ್‌ನಿಂದ ಒಂದೆರಡು ಸೆಕೆಂಡಿನಲ್ಲೇ ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗ ದಾಟಬಲ್ಲದು. ಆ ವೇಗದಲ್ಲಿ ರೆಕ್ಕೆ ಕಿತ್ತುಬಂದರೆ ಅದು ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು. ಹಾಗಾಗಿ ಕಟ್ಟುವಾಗ ನಿಮ್ಮ ಹೆಚ್ಚಿನ ಸಮಯ ಒಂದೇ ಜಾಗಕ್ಕೆ ಹೋಗಬೇಕು: ರೆಕ್ಕೆಯ ಬುಡ ಮೋಟರ್ ಕೊಳವೆಯನ್ನು ಸೇರುವ ಕಡೆಗೆ.

ಕಿಟ್ ಕೊಳ್ಳುವ ಮುನ್ನ

ಕಿಟ್ ಪೆಟ್ಟಿಗೆಯಲ್ಲಿ ಮೋಟರ್ ಇರುವುದಿಲ್ಲ. ರಟ್ಟಿನ ಕೊಳವೆ, ಪ್ಲೈವುಡ್ ರೆಕ್ಕೆ, ಪ್ಯಾರಾಚೂಟ್ ಜೋಡಿಸಲು ಯಾರ ಅನುಮತಿಯೂ ಬೇಡ. ಹಾರಿಸುವ ಮಾತೇ ಬೇರೆ. 1884ರ ಸ್ಫೋಟಕಗಳ ಕಾಯ್ದೆಯ ವ್ಯಾಖ್ಯೆಯಲ್ಲೇ ರಾಕೆಟ್ ಎಂಬ ಪದವಿದೆ. ಅದರ ಪರವಾನಗಿ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಪೆಸೋ, ನಾಗಪುರದಲ್ಲಿ ಅದರ ಮುಖ್ಯ ಕಚೇರಿ. ಇನ್ನು ನಮ್ಮ ಬೆಂಗಳೂರಿನ ಆಕಾಶವನ್ನು ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಹಂಚಿಕೊಂಡಿವೆ. ಊರ ಹೊರಗಿನ ಖಾಲಿ ಲೇಔಟ್ ಆದರೂ ಸರಿ, ಅಲ್ಲಿ ಹಾರಿಸುವ ಯೋಚನೆ ಬಿಟ್ಟುಬಿಡಿ. ಕಾಲೇಜಿನ ತಂಡದ ಮೂಲಕ, ಅನುಮತಿ ಪಡೆದ ಮೈದಾನದಲ್ಲಿ ಹಾರಿಸುವುದೇ ಸರಿಯಾದ ದಾರಿ. ಸಕ್ಕರೆ, ಪೆಟ್ಲುಪ್ಪು ಬೆರೆಸಿ ಮನೆಯಲ್ಲೇ ಇಂಧನ ಕಾಯಿಸುವ ವಿಡಿಯೊಗಳನ್ನು ನೋಡಿ ಯಾರೂ ಕೈ ಹಾಕಬೇಡಿ. ಬೆರಳು, ಕಣ್ಣು ಮತ್ತೆ ಬರುವುದಿಲ್ಲ.

ಮೊದಲ ಕಿಟ್‌ಗೆ 4 ಇಂಚು ವ್ಯಾಸದ ದೇಹ, 38 ಮಿ.ಮೀ. ಮೋಟರ್ ಕೊಳವೆ, ಮೂರು ರೆಕ್ಕೆ ಇರುವುದನ್ನು ಆರಿಸಿ. ಕೈ ಒಳಗೆ ಹೋಗುವಷ್ಟು ಅಗಲವಿದ್ದರೆ ಅರ್ಧ ಕಷ್ಟ ಕಡಿಮೆ. ರೆಕ್ಕೆಯ ಬುಡ ದೇಹದ ಸೀಳಿನೊಳಗೆ ತೂರಿ ಮೋಟರ್ ಕೊಳವೆಯನ್ನೇ ಮುಟ್ಟುವಂತಿರಬೇಕು. ಬರೀ ಹೊರಮೈಗೆ ಅಂಟಿಸುವ ವಿನ್ಯಾಸ ಹೈ ಪವರ್‌ಗೆ ಸಾಲದು. ಎಪಾಕ್ಸಿ (ಎರಡು ದ್ರವ ಬೆರೆಸಿ ಬಳಸುವ ಗಟ್ಟಿ ಅಂಟು), ನೈಟ್ರೈಲ್ ಗ್ಲೌಸ್, ಸ್ಯಾಂಡ್ ಪೇಪರ್, ಚಿಕ್ಕ ಡಿಜಿಟಲ್ ತಕ್ಕಡಿ ಎಲ್ಲವೂ ಎಸ್‌.ಪಿ. ರೋಡ್, ಜೆ.ಸಿ. ರೋಡ್ ಸುತ್ತಿದರೆ ಒಂದೇ ದಿನದಲ್ಲಿ ಸಿಗುತ್ತವೆ.

ಜೋಡಣೆ

ಅಂಟಿನ ಮುಚ್ಚಳ ತೆಗೆಯುವ ಮೊದಲು ಎಲ್ಲ ಭಾಗಗಳನ್ನೂ ಒಣದಾಗಿಯೇ ಒಮ್ಮೆ ಜೋಡಿಸಿ ನೋಡಿ. ಬಿಗಿಯಾದ ಕಡೆ ಉಜ್ಜಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ರಟ್ಟಿನ ಕೊಳವೆಯ ಮೇಲಿನ ನುಣುಪು ಹೊದಿಕೆಯನ್ನು ಅಂಟು ಬೀಳುವ ಕಡೆಯೆಲ್ಲ ಒರಟಾಗುವವರೆಗೆ ಉಜ್ಜಬೇಕು. ಉಜ್ಜದಿದ್ದರೆ ಅಂಟು ಹಿಡಿಯುವುದು ಆ ಹೊದಿಕೆಯನ್ನೇ ಹೊರತು ಕೊಳವೆಯನ್ನಲ್ಲ.

ಮೋಟರ್ ಕೊಳವೆಯನ್ನು ದೇಹದ ನಟ್ಟನಡುವೆ ನಿಲ್ಲಿಸುವುದು ಪ್ಲೈವುಡ್‌ನ ಸೆಂಟರಿಂಗ್ ರಿಂಗ್‌ಗಳು. ಮೇಲಿನ ರಿಂಗ್‌ಗೆ ಐ-ಬೋಲ್ಟ್ (ತುದಿಯಲ್ಲಿ ಬಳೆಯಿರುವ ಬೋಲ್ಟ್) ಹಾಕಿ, ಮೂತಿ ಮತ್ತು ಪ್ಯಾರಾಚೂಟನ್ನು ದೇಹಕ್ಕೆ ಜೋಡಿಸಿಡುವ ಗಟ್ಟಿ ನಾರಿನ ಕೆವ್ಲಾರ್ ಪಟ್ಟಿಯನ್ನು ಈಗಲೇ ಕಟ್ಟಿಬಿಡಿ, ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಮೇಲಿನ ರಿಂಗ್ ಅಂಟಿಸಿ, ಹಿಂದಿನ ರಿಂಗ್ ಮಾತ್ರ ಅಂಟಿಲ್ಲದೆ ಬಿಡಿ. ರೆಕ್ಕೆ ಕೂರಿಸಿದ ಮೇಲೆ ಅದನ್ನು ಹೊರತೆಗೆದರೆ ಒಳಗಿನ ಸಂದುಗಳಿಗೆ ಅಂಟು ಮೆತ್ತಲು ದಾರಿಯಾಗುತ್ತದೆ.

ಮೂರು ರೆಕ್ಕೆಗಳ ನಡುವೆ 120 ಡಿಗ್ರಿ ಕೋನ. ದಪ್ಪ ರಟ್ಟಿನಲ್ಲಿ ಆ ಕೋನಕ್ಕೆ ಸೀಳು ಕತ್ತರಿಸಿ ಅಚ್ಚು ಮಾಡಿಕೊಂಡರೆ ರೆಕ್ಕೆಗಳು ವಾಲದೆ ನಿಲ್ಲುತ್ತವೆ. ಐದು ನಿಮಿಷದ ಎಪಾಕ್ಸಿಯ ಕೆಲಸ ರೆಕ್ಕೆಯನ್ನು ಜಾಗದಲ್ಲಿ ಹಿಡಿದಿಡುವುದಷ್ಟೇ. ಭಾರ ಹೊರುವ ಅಂಟು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯೇ ಆಗಿರಲಿ. ಗಾರೆಯವರು ಗೋಡೆ ನೆಲ ಸೇರುವ ಮೂಲೆಯನ್ನು ದುಂಡಗೆ ಮೆತ್ತುವ ಹಾಗೆ ಇಲ್ಲೂ ಮೆತ್ತಬೇಕು. ಎರಡು ರೆಕ್ಕೆಗಳ ನಡುವಿನ ಕಣಿವೆ ಮೇಲ್ಮುಖವಾಗುವಂತೆ ರಾಕೆಟ್ ಮಲಗಿಸಿ. ಸಂದಿನ ಎರಡೂ ಬದಿ ಮಾಸ್ಕಿಂಗ್ ಟೇಪ್ ಅಂಟಿಸಿ, ಎಪಾಕ್ಸಿ ಸುರಿದು, ಗ್ಲೌಸ್ ಹಾಕಿದ ಬೆರಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಂದೇ ಎಳೆತಕ್ಕೆ ತುದಿಯಿಂದ ತುದಿಗೆ ಸವರಿ. ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಕೀಳಿ. ಒಂದು ಕಣಿವೆ ಗಟ್ಟಿಯಾದ ಮೇಲಷ್ಟೇ ರಾಕೆಟ್ ತಿರುಗಿಸಿ ಇನ್ನೊಂದು. ಒಳಗೂ ಹೊರಗೂ ಹೀಗೇ. ಆಷಾಢದ ಮಳೆಯಲ್ಲಿ ರಟ್ಟು ತೇವ ಎಳೆದುಕೊಳ್ಳುತ್ತದೆ, ಡಿಸೆಂಬರ್ ಚಳಿಯಲ್ಲಿ ಎಪಾಕ್ಸಿ ಗಟ್ಟಿಯಾಗುವುದು ತಡ. ಪ್ಯಾಕೆಟ್ ಮೇಲಿನ ಸಮಯಕ್ಕಿಂತ ಒಂದು ರಾತ್ರಿ ಹೆಚ್ಚೇ ಬಿಡಿ.

ಆಮೇಲೆ ಹಿಂದಿನ ರಿಂಗ್ ಅಂಟಿಸಿ. ಮೋಟರ್ ಜಾರದಂತೆ ಹಿಡಿಯುವ ಅಲ್ಯೂಮಿನಿಯಂ ರಿಟೇನರ್‌ಗೆ ಬಿಸಿ ತಾಳುವ ಎಪಾಕ್ಸಿಯೇ ಬೇಕು. ಉಡಾವಣಾ ಕಂಬಿಗೆ ಸಿಕ್ಕಿಸುವ ಎರಡು ರೈಲ್ ಬಟನ್‌ಗಳು ಒಂದೇ ಗೆರೆಯಲ್ಲಿರಲಿ. ಒಂದು ಹಿಂದಿನ ರಿಂಗ್‌ಗೆ, ಇನ್ನೊಂದು ರಾಕೆಟ್ ತೂಗಿ ನಿಲ್ಲುವ ಬಿಂದುವಿನ ಹತ್ತಿರ.

ಪ್ಯಾರಾಚೂಟ್ ಇರುವ ಭಾಗಕ್ಕೆ ಸುಮಾರು 3 ಮಿ.ಮೀ.ನ ಒಂದು ತೂತು ಕೊರೆಯುವುದನ್ನು ಮರೆಯಬೇಡಿ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿಗೆ ಹೋಗಲು ಜಾಗವಿಲ್ಲದಿದ್ದರೆ ಅದು ಮೂತಿಯನ್ನು ನಡುದಾರಿಯಲ್ಲೇ ತಳ್ಳಿಬಿಡುತ್ತದೆ. ಮೂತಿಯ ಬಿಗಿ ನೋಡಲು ಅದನ್ನೇ ಹಿಡಿದು ರಾಕೆಟ್ ಎತ್ತಿ: ಸುಮ್ಮನೆ ಎತ್ತಿದರೆ ಕಳಚಬಾರದು, ಸಣ್ಣಗೆ ಕೊಡವಿದರೆ ಕಳಚಬೇಕು. ಸಡಿಲವಾದರೆ ಒಂದು ಸುತ್ತು ಮಾಸ್ಕಿಂಗ್ ಟೇಪ್.

ಕೆವ್ಲಾರ್ ಪಟ್ಟಿ ರಾಕೆಟ್‌ನ ಉದ್ದದ ಮೂರು ಪಟ್ಟಾದರೂ ಇರಲಿ. ಪ್ಯಾರಾಚೂಟ್ ಹೊರತಳ್ಳುವ ಮದ್ದಿನ ಬಿಸಿ ತಾಗದಂತೆ ಅದಕ್ಕೆ ನೋಮೆಕ್ಸ್ ಬಟ್ಟೆ ಸುತ್ತಬೇಕು. ಇಳಿಯುವ ವೇಗ ಸೆಕೆಂಡಿಗೆ ಐದಾರು ಮೀಟರ್ ಇದ್ದರೆ ಸರಿ. ಪ್ಯಾರಾಚೂಟ್ ತಯಾರಕರು ಕೊಡುವ ವೇಗದ ಲೆಕ್ಕ ಸಮುದ್ರಮಟ್ಟದ ಗಾಳಿಗೆ ಹಾಕಿದ್ದಾದರೆ, ಸುಮಾರು 900 ಮೀಟರ್ ಎತ್ತರದ ನಮ್ಮ ಪ್ರಸ್ಥಭೂಮಿಯ ತೆಳು ಗಾಳಿಯಲ್ಲಿ ರಾಕೆಟ್ ನೂರಕ್ಕೆ ನಾಲ್ಕೈದರಷ್ಟು ಬೇಗ ಇಳಿಯುತ್ತದೆ. ಅನುಮಾನವಿದ್ದರೆ ಒಂದು ಅಳತೆ ದೊಡ್ಡ ಪ್ಯಾರಾಚೂಟ್ ಹಾಕಿ.

ತೂಗಿ ನೋಡುವುದು

ಮೋಟರ್‌ನ ತೂಕದ ಡಮ್ಮಿ, ಪ್ಯಾರಾಚೂಟ್, ಪಟ್ಟಿ ಎಲ್ಲ ತುಂಬಿದ ಮೇಲೆ ರಾಕೆಟ್ಟನ್ನು ಸ್ಕೇಲಿನ ಅಂಚಿನ ಮೇಲೆ ಅಡ್ಡಲಾಗಿಟ್ಟು, ಸಮತೂಕ ನಿಂತ ಕಡೆ ಗುರುತು ಹಾಕಿ. ಅದು ಗುರುತ್ವ ಕೇಂದ್ರ. ಗಾಳಿಯ ಒತ್ತಡ ಕೇಂದ್ರ, ಅಂದರೆ ಗಾಳಿಯ ತಳ್ಳುವಿಕೆಯೆಲ್ಲ ಒಟ್ಟಾಗಿ ಬೀಳುವ ಬಿಂದು, ಎಲ್ಲಿದೆ ಎಂಬುದು ಕಿಟ್‌ನ ಸೂಚನೆಯಲ್ಲಿರುತ್ತದೆ, ಇಲ್ಲವೇ ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶ ಲೆಕ್ಕ ಹಾಕಿ ಕೊಡುತ್ತದೆ. ಒತ್ತಡ ಕೇಂದ್ರ ಗುರುತ್ವ ಕೇಂದ್ರಕ್ಕಿಂತ ದೇಹದ ವ್ಯಾಸದ ಒಂದರಿಂದ ಎರಡು ಪಟ್ಟಿನಷ್ಟು ಹಿಂದಿರಬೇಕು, ಅಂದರೆ ನಮ್ಮ 4 ಇಂಚಿನ ರಾಕೆಟ್‌ಗೆ 4ರಿಂದ 8 ಇಂಚು. ಹಾಗಿದ್ದರೆ ಮಾತ್ರ ಮೂತಿ ವಾಲಿದಾಗ ಗಾಳಿಯೇ ಅದನ್ನು ನೇರಕ್ಕೆ ತರುತ್ತದೆ. ಟಿಪ್ಪು ಕಾಲದ ಮೈಸೂರು ರಾಕೆಟ್‌ನ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದುದೂ ಇದೇ ಸ್ಥಿರತೆಗಾಗಿ. ಅಂತರ ಕಡಿಮೆಯಾದರೆ ಮೂತಿಯೊಳಗೆ ತೂಕ ಸೇರಿಸಿ. ತೀರಾ ಹೆಚ್ಚಾದರೆ ರಾಕೆಟ್ ಗಾಳಿ ಬೀಸುವ ಕಡೆಗೆ ಮುಖ ತಿರುಗಿಸಿ ಓರೆಯಾಗಿ ಓಡುತ್ತದೆ.

ಕೊನೆಗೆ ಮೋಟರ್‌ನ ಆಯ್ಕೆ. ಮೋಟರ್‌ನ ನೂಕುಬಲ ರಾಕೆಟ್‌ನ ತೂಕದ ಐದು ಪಟ್ಟಾದರೂ ಇರಬೇಕೆಂಬುದು ರೂಢಿ. ಒಂದೂವರೆ ಕಿಲೋ ಅಂದರೆ ಸುಮಾರು 15 ನ್ಯೂಟನ್, ಹಾಗಾಗಿ 75 ನ್ಯೂಟನ್‌ಗೆ ಕಡಿಮೆಯ ಮೋಟರ್ ಬೇಡ. ಒಟ್ಟು ತೂಕ, ಎರಡೂ ಕೇಂದ್ರಗಳ ಅಳತೆ, ಮೋಟರ್‌ನ ಹೆಸರು, ಮೋಟರ್ ಉರಿದು ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚುವವರೆಗಿನ ವಿಳಂಬದ ಸೆಕೆಂಡು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮೈದಾನದ ಸುರಕ್ಷತಾ ಅಧಿಕಾರಿ ಅದನ್ನು ಕೇಳುತ್ತಾರೆ, ಜೊತೆಗೆ ಒಂದೊಂದು ರೆಕ್ಕೆಯನ್ನೂ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಅದಕ್ಕೂ ಮೊದಲು ನೀವೇ ಮನೆಯಲ್ಲಿ ಅಲ್ಲಾಡಿಸಿ ನೋಡಿ. ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಷ್ಟು ಅಂಟನ್ನು ಉಜ್ಜಿ ತೆಗೆದು ಹೊಸದಾಗಿ ಮೆತ್ತಿ.