ಸಿಲಿಕಾನ್ ಗನ್ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಟ್ರಿಗರ್ ಒತ್ತಿ ನೋಡಿ

ಸಿಂಕಿಗೂ ಗ್ರಾನೈಟಿಗೂ ನಡುವಿನ ಸಂದಿನಲ್ಲಿ ನೀರು ಇಳಿದು, ನಮ್ಮ ಮನೆಯ ಕಪಾಟಿನ ಪ್ಲೈವುಡ್ ಉಬ್ಬಿಕೊಂಡಿತ್ತು. ಇಷ್ಟು ಚಿಕ್ಕ ಕೆಲಸಕ್ಕೆ ಪ್ಲಂಬರ್ ಬರುವುದಿಲ್ಲ. ನಾನೇ ಮಾಡೋಣ ಎಂದು ಸಂದು ಮುಚ್ಚುವ ಸಿಲಿಕಾನಿನ ಒಂದು ಟ್ಯೂಬು, ಅದನ್ನು ಒತ್ತಿ ಹೊರಗೆ ತಳ್ಳಲು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ ಗನ್ನು ತಂದೆ. ಸಂದು ತುಂಬಲು ಹಿಡಿದದ್ದು ಹತ್ತೇ ನಿಮಿಷ. ಕೈ ಬಿಟ್ಟ ಮೇಲೂ ಸುರಿಯುತ್ತಲೇ ಇದ್ದ ಸಿಲಿಕಾನನ್ನು ಕಟ್ಟೆ, ನಲ್ಲಿ, ಬೆರಳು ಎಲ್ಲದರಿಂದ ಕೆರೆದು ತೆಗೆಯಲು ಇಡೀ ಭಾನುವಾರ ಹೋಯಿತು.

ಟ್ಯೂಬಿನಿಂದ ಹೊರಗೆ ತಳ್ಳುವ ಕೆಲಸ ಯಾವ ಗನ್ನಾದರೂ ಮಾಡುತ್ತದೆ. ನಾವು ನಿಲ್ಲಿಸಿದಾಗ ನಿಲ್ಲುತ್ತದಾ ಎಂಬುದನ್ನೇ ನೋಡಿ ಕೊಳ್ಳಬೇಕು. (ಇದರ ಇಂಗ್ಲಿಷ್ ಹೆಸರು ಕಾಕಿಂಗ್ ಗನ್, ಹಾಗೆಂದರೆ ಅಂಗಡಿಯವರಿಗೆ ತಿಳಿಯದಿರಬಹುದು. ಸಿಲಿಕಾನ್ ಗನ್ ಎಂದೇ ಕೇಳಿ.)

ಮೊದಲು ಟ್ಯೂಬು, ಆಮೇಲೆ ಗನ್ನು

ಮನೆ ಬಳಕೆಯ ಗಟ್ಟಿ ಪ್ಲಾಸ್ಟಿಕ್ ಟ್ಯೂಬುಗಳು ಸಾಮಾನ್ಯವಾಗಿ 280ರಿಂದ 310 ಮಿಲಿಲೀಟರ್ ಹಿಡಿಯುತ್ತವೆ. ಗಾಜಿನ ಕೆಲಸದವರು ಬಳಸುವ 600 ಮಿಲಿಲೀಟರಿನ ಮೆತ್ತನೆಯ ಪ್ಯಾಕೆಟ್ಟಿಗೆ ಕೊಳವೆಯಂಥ ಬೇರೆ ಗನ್ನೇ ಬೇಕು. ಅದು ನಮಗೆ ಬೇಡ.

ಹಾಗೆಯೇ, ಟ್ಯೂಬಿನ ಮೇಲೆ ಏನು ಬರೆದಿದೆ ಓದಿ. ವಿನೆಗರ್ ಥರ ಹುಳಿ ವಾಸನೆ ಬರುವ ಸಿಲಿಕಾನ್ ಗಾಜಿಗೆ, ಟೈಲ್ಸಿಗೆ ಸರಿ. ಮಾರ್ಬಲ್ಲಿನಂಥ ಕಲ್ಲಿಗೆ ಅದು ಕಲೆ ಮಾಡಬಹುದು. ಕಲ್ಲಿಗೆ ಆಗುವ ನ್ಯೂಟ್ರಲ್ ಸಿಲಿಕಾನ್ ಕೇಳಿ. ಮೇಲೆ ಪೇಂಟ್ ಹೊಡೆಯುವುದಿದ್ದರೆ ಸಿಲಿಕಾನ್ ಬೇಡ, ಅದರ ಮೇಲೆ ಬಣ್ಣ ನಿಲ್ಲದು. ಸಂದು ತುಂಬುವ ಅಕ್ರಿಲಿಕ್ ಸೀಲಂಟ್ ತನ್ನಿ.

ರಾಡಿಗೆ ಹಲ್ಲಿದೆಯಾ?

ಅಸಲು ವಿಷಯ ಇದೇ. ಅಗ್ಗದ ಗನ್ನುಗಳಲ್ಲಿ, ಟ್ಯೂಬಿನ ತಳವನ್ನು ಹಿಂದಿನಿಂದ ತಳ್ಳುವ ರಾಡಿನ ಒಂದು ಬದಿಗೆ ಗರಗಸದ ಹಾಗೆ ಹಲ್ಲುಗಳಿರುತ್ತವೆ. ಟ್ರಿಗರ್ ಒತ್ತಿದಾಗ ಒಂದೊಂದೇ ಹಲ್ಲು ಮುಂದೆ ಹೋಗುತ್ತದೆ. ಕೈ ಬಿಟ್ಟರೂ ರಾಡ್ ಹಲ್ಲಿಗೆ ಕಚ್ಚಿಕೊಂಡೇ ಇರುತ್ತದೆ, ಟ್ಯೂಬಿನೊಳಗಿನ ಒತ್ತಡ ಇಳಿಯುವುದಿಲ್ಲ. ರಾಡನ್ನು ತಿರುಗಿಸಿ ಹಲ್ಲುಗಳನ್ನು ಮೇಲ್ಮುಖ ಮಾಡಿದರೆ ಮಾತ್ರ ಬಿಡುತ್ತದೆ. ಒಂದು ಕೈಯಲ್ಲಿ ಗನ್ನು, ಇನ್ನೊಂದರಲ್ಲಿ ಒರೆಸುವ ಬಟ್ಟೆ ಹಿಡಿದವರಿಗೆ ಮೂರನೇ ಕೈ ಎಲ್ಲಿಂದ ಬರಬೇಕು?

ನುಣುಪು ರಾಡಿನ ಗನ್ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ತಗಡು ಇರುತ್ತದೆ. ಅದನ್ನು ಒತ್ತಿದರೆ ಸಾಕು, ಒತ್ತಡ ಇಳಿಯುತ್ತದೆ. ಡ್ರಿಪ್‌ಲೆಸ್ ಎಂದು ಬರೆದ ಗನ್ನುಗಳಲ್ಲಿ ಟ್ರಿಗರ್ ಬಿಟ್ಟ ಕೂಡಲೇ ರಾಡ್ ತಾನೇ ಕೊಂಚ ಹಿಂದೆ ಸರಿಯುತ್ತದೆ. ಹೊಸಬರಿಗೆ ಇದು ಒಳ್ಳೆಯದು. ಹಾಗಂತ ಸೋರುವುದೇ ಇಲ್ಲ ಎಂದು ನಂಬಬೇಡಿ.

12:1 ಅಂದರೇನು?

ಕೆಲವು ಗನ್ನುಗಳ ಡಬ್ಬಿಯ ಮೇಲೆ ಇಂಥ ಅಂಕಿ ಇರುತ್ತದೆ. ಟ್ರಿಗರಿನ ಮೇಲೆ ನೀವು ಹಾಕಿದ ಬಲ ಸುಮಾರು ಹನ್ನೆರಡು ಪಟ್ಟಾಗಿ ರಾಡಿಗೆ ತಲುಪುತ್ತದೆ ಎಂದರ್ಥ. ಸಿಲಿಕಾನ್, ಅಕ್ರಿಲಿಕ್ಕಿಗೆ ಇಷ್ಟು ಧಾರಾಳ. ಪಿಯು (ಪಾಲಿಯುರಿಥೇನ್) ಸೀಲಂಟಿನಂಥ ಗಟ್ಟಿ ಮಾಲಿಗೆ 18:1 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೈ ನೋಯುವುದಿಲ್ಲ.

ಅಂಗಡಿಯಲ್ಲೇ ಪರೀಕ್ಷೆ

ಸಂಕೋಚ ಬೇಡ. ಒಂದು ಟ್ಯೂಬು ಕೇಳಿ ಗನ್ನಿನಲ್ಲಿ ಕೂರಿಸಿ ನೋಡಿ. ಅಲ್ಲಾಡಬಾರದು. ರಾಡಿನ ತುದಿಯ ಬಿಲ್ಲೆ ಟ್ಯೂಬಿನ ತಳಕ್ಕೆ ನೇರವಾಗಿ ಕೂರಬೇಕು, ಓರೆಯಾಗಿದ್ದರೆ ಮಾಲು ಹಿಂದಿನಿಂದ ಹೊರಬರುತ್ತದೆ. ಟ್ಯೂಬು ತೆಗೆದು, ಬಿಲ್ಲೆಯನ್ನು ಅಂಗೈಯಿಂದ ಹಿಂದಕ್ಕೆ ತಳ್ಳಿ. ಒಂದೆರಡು ನೂಲಿನಷ್ಟು ಸರಿದು ನಿಂತರೆ ಅಡ್ಡಿಯಿಲ್ಲ. ಜಾರುತ್ತಲೇ ಹೋದರೆ ವಾಪಸ್ ಕೊಟ್ಟುಬಿಡಿ. ಟ್ರಿಗರನ್ನು ಹತ್ತು ಸಲ ಒತ್ತಿ, ರಾಡ್ ಪ್ರತಿ ಸಲವೂ ಒಂದೇ ಸಮ ಮುಂದೆ ಹೋಗುತ್ತದಾ ನೋಡಿ. ಟ್ಯೂಬಿನ ಮೂತಿ ಕತ್ತರಿಸುವ ಬ್ಲೇಡು, ಅದರೊಳಗಿನ ಪರದೆ ಚುಚ್ಚುವ ಕಡ್ಡಿ ಗನ್ನಿನಲ್ಲೇ ಇದ್ದರೆ ಅನುಕೂಲ. ಇಲ್ಲದಿದ್ದರೂ ಮನೆಯ ಚಾಕು, ಉದ್ದನೆ ಮೊಳೆ ಸಾಕು.

ಮನೆಗೆ ತಂದ ಮೇಲೆ

ಸಂದು ಪೂರ್ತಿ ಒಣಗಿರಲಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಟ್ಯೂಬಿನ ಮೂತಿಯನ್ನು ಓರೆಯಾಗಿ, ಸಂದಿಗಿಂತ ದೊಡ್ಡದಾಗದಂತೆ ಕತ್ತರಿಸಿ. ಮೊದಲ ಸಾಲನ್ನು ಹಳೇ ಪೇಪರಿನ ಮೇಲೆ ಎಳೆದು ಕೈ ಪಳಗಿಸಿಕೊಳ್ಳಿ. ಸಾಲಿನ ತುದಿಗೆ ಬರುವ ಸ್ವಲ್ಪ ಮುಂಚೆಯೇ ಹಿಂದಿನ ತಗಡು ಒತ್ತಿ. ಬೆರಳಿನಿಂದ ನೀವಿ, ಸಿಲಿಕಾನ್ ಹೆಪ್ಪುಗಟ್ಟುವ ಮುಂಚೆ ಟೇಪ್ ಕಿತ್ತುಬಿಡಿ.

ಮೂತಿಯಲ್ಲಿ ಉಳಿದದ್ದು ಅಲ್ಲೇ ಗಟ್ಟಿಯಾಗಲಿ. ಮುಂದಿನ ಸಲ ಬಿರಡೆಯ ಹಾಗೆ ಎಳೆದು ತೆಗೆಯಬಹುದು. ಸಿಂಕಿಗೆ ಒಂದು ದಿನ ನೀರು ಬಿಡುವಂತಿಲ್ಲ, ಇದನ್ನು ಮನೆಯವರಿಗೆ ಬೆಳಿಗ್ಗೆಯೇ ಹೇಳಿಡಿ. ನಾನು ಹೇಳಿರಲಿಲ್ಲ. ಅನ್ನದ ಪಾತ್ರೆ ತೊಳೆಯಲು ಬಂದವರು ನಲ್ಲಿ ತಿರುಗಿಸಿಯೇಬಿಟ್ಟರು.