ಟೇಪ್ ಹಿಡಿದು ವಾರ್ಡ್ ಸಭೆಗೆ

ನಮ್ಮ ಬೀದಿಯಲ್ಲಿ ಫುಟ್‌ಪಾತ್ ಇರಲಿಲ್ಲ ಅಂತಲ್ಲ. ಇತ್ತು. ಮೋರಿ ಮೇಲೆ ಚಪ್ಪಡಿ ಹಾಸಿ, ರಸ್ತೆಗಿಂತ ಒಂದಡಿ ಎತ್ತರಕ್ಕೆ ಕಟ್ಟಿದ್ದರು. ಆದರೂ ಶಾಲೆ ಮಕ್ಕಳು ರಸ್ತೆಯಲ್ಲೇ ನಡೆಯುತ್ತಿದ್ದರು. ಪಕ್ಕದ ಮನೆ ಅಜ್ಜಿಯೂ ಅಷ್ಟೇ. ಫುಟ್‌ಪಾತ್ ಮೇಲೆ ಹೋದರೆ ಪ್ರತಿ ಗೇಟಿನ ಮುಂದೆ ಇಳಿಯಬೇಕು, ಮತ್ತೆ ಹತ್ತಬೇಕು. ಮಂಡಿನೋವಿರುವವರು ಹೇಗೆ ತಾನೇ ನಡೆದಾರು?

ಆಗಿನ ನಗರ ಪಾಲಿಕೆ ಬಿಬಿಎಂಪಿಯ 2021-22ರ ಬಜೆಟ್‌ನಲ್ಲಿ ಬೆಂಗಳೂರಿನ ಪ್ರತಿ ವಾರ್ಡಿಗೂ 60 ಲಕ್ಷ ರೂಪಾಯಿ ಇಟ್ಟರು. ಅದರ ಖರ್ಚಿಗೆ ವಾರ್ಡ್ ಸಮಿತಿಯ ಮಾತು ಕೇಳಬೇಕು ಅಂತಾಯಿತು. ಅದರಲ್ಲಿ 20 ಲಕ್ಷ ಫುಟ್‌ಪಾತಿಗೆ. ಆಗ ಕಾರ್ಪೊರೇಟರ್‌ಗಳ ಅವಧಿ ಮುಗಿದಿತ್ತು, ಸಭೆ ನಡೆಸುತ್ತಿದ್ದುದು ನೋಡಲ್ ಅಧಿಕಾರಿ. ನಾನು ಸಿವಿಲ್ ಎಂಜಿನಿಯರ್. "ನೀವೇ ಒಂದು ಪ್ಲಾನ್ ಬರೆದುಕೊಡಿ" ಎಂದರು ಬೀದಿಯವರು.

ಮೊದಲ ಸಲ ತಪ್ಪು ಮಾಡಿದೆ. ಕರ್ಬಿನಿಂದ, ಅಂದರೆ ಫುಟ್‌ಪಾತಿನ ರಸ್ತೆ ಕಡೆಯ ಅಂಚಿನಿಂದ, ಕಾಂಪೌಂಡಿನವರೆಗೆ ಅಳೆದು 2 ಮೀಟರ್ ಇದೆ ಎಂದು ಬರೆದುಕೊಂಡೆ. ಆಮೇಲೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103, ಅಂದರೆ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ, ತೆಗೆದು ಓದಿದೆ. ಅದು ಕೇಳುವ 1.8 ಮೀಟರ್ ಕಟ್ಟಿದ ಅಗಲ ಅಲ್ಲ, ಅಡ್ಡಿಯಿಲ್ಲದೆ ನಡೆಯಲು ಉಳಿದ ಅಗಲ. ಎರಡು ಗಾಲಿಕುರ್ಚಿ ಎದುರುಬದುರು ದಾಟುವಷ್ಟು. ತಲೆ ಮೇಲೆ 2.2 ಮೀಟರ್ ಖಾಲಿ ಬೇಕು. ಕರ್ಬ್ 150 ಮಿಲಿಮೀಟರ್ ಮೀರಬಾರದು.

ಒಂದು ಭಾನುವಾರ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಟೇಪ್ ಹಿಡಿದಳು, ನಾನು ಬರೆದುಕೊಂಡೆ. ಟ್ರಾನ್ಸ್‌ಫಾರ್ಮರ್, ಕೇಬಲ್ ಬಾಕ್ಸ್, ಹೊಂಗೆ ಮರದ ಬೊಡ್ಡೆ, ಹೂಕುಂಡ. ಪ್ರತಿಯೊಂದರ ಪಕ್ಕದಲ್ಲೂ ಕಾಲಿಗೆ ಎಷ್ಟು ಜಾಗ ಉಳಿದಿದೆ ಅಂತ ಅಳೆದೆವು. ಟ್ರಾನ್ಸ್‌ಫಾರ್ಮರ್ ಹತ್ತಿರ ಉಳಿದಿದ್ದುದು 40 ಸೆಂಟಿಮೀಟರ್. ಪಟ್ಟಿಯಲ್ಲಿ ಮನೆ ನಂಬರ್ ಬರೆಯಲಿಲ್ಲ, ಲೈಟ್ ಕಂಬದ ನಂಬರ್ ಬರೆದೆವು. ಇದನ್ನು ಯಾರಾದರೂ ಮಾಡುವುದಾದರೆ ಹಾಗೇ ಮಾಡಿ. ಮನೆ ನಂಬರ್ ಹಾಕಿದರೆ ಸಭೆಯಲ್ಲಿ ಮಾತು ಜಗಳಕ್ಕೆ ತಿರುಗುತ್ತದೆ.

ಸಭೆಯಲ್ಲಿ ಕಷ್ಟವಾಗಿದ್ದು ಎರಡು ವಿಷಯ. ಒಂದು, ಗೇಟು. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಹೋಗಲಿ, ಕಾರು ಹತ್ತುವ ಇಳಿಜಾರು ಅದರ ರಸ್ತೆ ಕಡೆಯ ಅಂಚಿನಲ್ಲಿರಲಿ ಎಂದೆ. ಕಾರಿನ ತಳ ತಾಗುತ್ತದೆ ಎಂದರು ಕಾರಿರುವವರು. ನಕ್ಷೆ ತೋರಿಸಿದರೂ ಯಾರೂ ನಂಬಲಿಲ್ಲ. ಮರುದಿನ ಸೈಟಿನಿಂದ ಸೆಂಟ್ರಿಂಗ್ ಹಲಗೆ ತಂದು, ನಮ್ಮ ಗೇಟಿನ ಮುಂದೆ 150 ಮಿಲಿಮೀಟರ್ ಎತ್ತರಕ್ಕೆ ಇಳಿಜಾರು ಮಾಡಿ, ಅವರದೇ ಕಾರು ಹತ್ತಿಸಿ ತೋರಿಸಿದೆ. ಮಾತು ಅಲ್ಲಿಗೆ ಮುಗಿಯಿತು.

ಇನ್ನೊಂದು, ಹಂಚಿಕೆ. ಎಲ್ಲರೂ "ನಮ್ಮ ಬೀದಿಗೂ ಸ್ವಲ್ಪ" ಎಂದರು. ಮೋರಿ ಗೋಡೆ ಒಡೆದು ಎತ್ತರ ತಗ್ಗಿಸಬೇಕಿತ್ತು, ಅದಕ್ಕೇ ದುಡ್ಡು ಜಾಸ್ತಿ. ಹತ್ತು ಬೀದಿಗೆ ಹಂಚಿದರೆ ಹತ್ತೂ ಕಡೆ ಅರ್ಧಕ್ಕೇ ನಿಲ್ಲುತ್ತಿತ್ತು. ಶಾಲೆಯಿಂದ ಬಸ್‌ಸ್ಟಾಪಿನವರೆಗೆ ಒಂದೇ ಬದಿ, 280 ಮೀಟರ್, ಎಲ್ಲೂ ತುಂಡಾಗಬಾರದು ಎಂದು ಹಟ ಹಿಡಿದೆ. ಬಸ್ಸು ಬಳಸಿ ಅಂತ ಜನರಿಗೆ ಹೇಳುವ ಮೊದಲು ಸ್ಟಾಪಿನವರೆಗೆ ನಡೆಯೋದಕ್ಕಾದರೂ ಆಗಬೇಕು, ಅಲ್ವಾ? ರಸ್ತೆ ಇರುವುದು ಜನರ ಓಡಾಟಕ್ಕೆ, ಬರೀ ವಾಹನಕ್ಕಲ್ಲ ಎಂಬ ಮಾತು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಇದೆ. ಮನವಿಯ ಮೊದಲ ಸಾಲಿನಲ್ಲಿ ಅದನ್ನೇ ಬರೆದಿದ್ದೆ. ಮೂರನೇ ಸಭೆಯಲ್ಲಿ ಒಪ್ಪಿದರು.

ಟ್ರಾನ್ಸ್‌ಫಾರ್ಮರ್ ಸರಿಸಲು ದುಡ್ಡಿರಲಿಲ್ಲ. ಅಲ್ಲಿ ಫುಟ್‌ಪಾತನ್ನೇ ರಸ್ತೆ ಕಡೆಗೆ ತಂದೆವು. ಎರಡು ಕಾರು ನಿಲ್ಲುವ ಜಾಗ ಹೋಯಿತು. ಆ ಕಾರಿನವರೊಬ್ಬರು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಬೇಸರವಿದೆ, ಆದರೆ ಆ ತೀರ್ಮಾನ ಸರಿಯೇ ಇತ್ತು. ತಿರುವಿನಲ್ಲಿ ಕೂತು ಹೂ ಮಾರುವ ಹೂವಿನಮ್ಮನನ್ನು ಎಬ್ಬಿಸಿ ಅಂದವರೂ ಇದ್ದರು. ನಾನು ಒಪ್ಪಲಿಲ್ಲ. ಮರಗಳ ಸಾಲಿನಲ್ಲೇ ಅವರ ಬುಟ್ಟಿಗೂ ಜಾಗ ಬಿಟ್ಟೆವು. ಸಂಜೆ ಅವರ ದೀಪ ಇರುವುದರಿಂದ ಆ ತಿರುವಿನಲ್ಲಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ.

ಕೆಲಸ ಮುಗಿದ ಮೇಲೆ ಅಜ್ಜಿ ರಸ್ತೆಗಿಳಿಯುವುದನ್ನು ಬಿಟ್ಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಬೆಳಿಗ್ಗೆ ಸ್ಟಾಪಿನಲ್ಲಿ ಹೆಂಗಸರು ಕಿಕ್ಕಿರಿದಿರುತ್ತಾರೆ. ಅಷ್ಟು ಜನ ನಿಲ್ಲುತ್ತಾರೆ ಅಂತ ನಾನು ಲೆಕ್ಕ ಹಾಕಿರಲಿಲ್ಲ. ಕಳೆದ ತಿಂಗಳು ಅದೇ ಹುಡುಗಿ, ಈಗ ಪಿಯುಸಿ, ಮತ್ತೆ ಟೇಪ್ ಹಿಡಿದಳು. ಸ್ಟಾಪಿನ ಕಂಬದ ಪಕ್ಕ ನಡೆಯಲು ಉಳಿದಿರುವುದು 90 ಸೆಂಟಿಮೀಟರ್. ಬರೆದುಕೊಂಡಿದ್ದೇವೆ.